ಊಟ್ಟತ್ತೂರಿನ ಬತ್ತಿದ ಕಡಲು

ಶ್ರೀರಂಗದ ಯಾತ್ರೆಗೆ ಹೋದ ಕನ್ನಡಿಗರು ಕಾವೇರಿಯಲ್ಲಿ ಮಿಂದು, ರಂಗನಾಥನ ದರ್ಶನ ಮಾಡಿ, ಜಂಬುಕೇಶ್ವರನಿಗೆ ಕೈಮುಗಿದು, ತಿರುಚಿನಾಪಳ್ಳಿಯ ಬಂಡೆಕೋಟೆಯ ಮೆಟ್ಟಲುಗಳನ್ನು ಏರಿ ಇಳಿದರೆಂದರೆ, ಆ ಸೀಮೆಯಲ್ಲಿ ನೋಡತಕ್ಕುದೆಲ್ಲವೂ ಮುಗಿಯಿತೆಂದು ಭಾವಿಸಿ ಊರಿಗೆ ಹಿಂದಿರುಗುವುದು ವಾಡಿಕೆ. ಆ ಪಟ್ಟಣದಿಂದ ಉತ್ತರಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲಿ ಹೋದರೆ ಒಂದು ಕಡಲ ದಡವಿರುವುದೆಂದು ಹೇಳಿದರೆ ಯಾರೂ ನಂಬಲಾರರು. ಇಂದಿನ ಬಂಗಾಳಕೊಲ್ಲಿಯು ಅಲ್ಲಿಂದ ಅರುವತ್ತು ಮೈಲಿಗೂ ಆಚೆ ಇರುವುದು. ಆದರೂ ಹೇಳಿದ ಮಾತು ಸುಳ್ಳಲ್ಲ. ಊಟ್ಟತ್ತೂರು, ಕಾರೈ, ಗರುಡಮಂಗಲಂ, ಅರಿಯಲೂರು, ನಿನ್ನಿಯೂರು ಎಂಬ ಊರುಗಳ ನೆಲವೆಲ್ಲವೂ ಒಂದಾನೊಂದು ಕಾಲದಲ್ಲಿ ಸಮುದ್ರದ ತಳವಾಗಿದ್ದಿತು. ನೀರು ಹೋಗಿದೆ, ನೀರಿನಲ್ಲಿ ಬಾಳಿದ ಜೀವಗಳ ಮನೆಗಳು ಕಲ್ಲಾಗಿ ಉಳಿದಿವೆ.

ಈ ಕಲ್ಲಿನ ಮನೆಗಳನ್ನು ನೋಡಿ ಇದು ಯಾರದು, ಅದು ಯಾರದು ಎಂದು ಗುರುತಿಸುವುದು ವಿದ್ವಾಂಸರಿಗೆ ಮಾತ್ರ ಮೀಸಲಾದ ಕೆಲಸವೆಂದು ವಾಚಕರು ತಿಳಿಯಬೇಕಾಗಿಲ್ಲ. ಇದರ ಮೊದಲ ಪಾಠಕ್ಕೆ ಬೇಕಾದ ಉಪಕರಣಗಳು ನಮ್ಮ ನಮ್ಮ ಮನೆಗಳಲ್ಲಿಯೇ ಇವೆ. ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆ. ಅದರ ಪಕ್ಕದಲ್ಲಿ ಶಂಖವಿದೆ. ಹೆಂಗಸರ ಕೊರಳಲ್ಲಿ ಹವಳದ ಸರವಿದೆ. ಗ್ರಂಥಿಗೆ ಅಂಗಡಿಯಿಂದ ಔಷಧಕ್ಕೆಂದು ತಂದ ಸಮುದ್ರಫೇನದ ತುಂಡು ಯಾವುದಾದರೊಂದು ಡಬ್ಬಿಯ ತಳದಲ್ಲಿ ಬಿದ್ದಿರಬಹುದು. ಈ ನಾಲ್ಕೂ ಕಡಲಿನಲ್ಲಿ ಹುಟ್ಟಿದವುಗಳೇ. ಮೇಲ್ನೋಟಕ್ಕೆ ಸಾಲಿಗ್ರಾಮದ ಸುರುಳಿಗೂ ಶಂಖದ ಸುರುಳಿಗೂ ನಂಟಿರುವಂತೆ ತೋರುವುದು. ಸಮುದ್ರಫೇನಕ್ಕೂ ಸಾಲಿಗ್ರಾಮಕ್ಕೂ ಏನೂ ಸಂಬಂಧವಿಲ್ಲದಂತೆ ತೋರುವುದು. ಒಳಗನ್ನು ನೋಡಿದವರಿಗೆ ಇದು ತಲೆಕೆಳಗಾಗುವುದು. ಹೊರಗಿನ ಆಕಾರವು ಮೋಸಮಾಡಬಹುದು, ಒಳಗಿನ ಗೋಡೆಯು ಮೋಸಮಾಡುವುದು ಅಪರೂಪ. ಊಟ್ಟತ್ತೂರಿನ ಬಯಲು ಕಲಿಸುವ ಪಾಠವೂ ಇದೇ.

ಸಾಲಿಗ್ರಾಮಗಳು ದೊರೆಯುವುದು ನೇಪಾಳದ ಕಾಳಿ ಗಂಡಕಿಯ ಪಾತ್ರದಲ್ಲಿ. ಹಿಮಾಲಯದ ಕರಿಯ ಜೇಡಿಕಲ್ಲಿನ ಪದರಗಳೊಳಗೆ ಅಡಗಿದ್ದ ಅಮ್ಮೊನೈಟ್ ಎಂಬ ಪ್ರಾಣಿಯ ಚಿಪ್ಪಿನ ಅಚ್ಚುಗಳು ಹೊಳೆಯಲ್ಲಿ ಉರುಳಿ ನುಣುಪಾಗಿ ನಮಗೆ ದೊರೆಯುವುವು. ವಜ್ರಕೀಟವೆಂಬ ಹುಳುವು ಶಿಲೆಯೊಳಗೆ ಹೊಕ್ಕು ಚಕ್ರವನ್ನು ಕೊರೆಯುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಕಲ್ಲಿನೊಳಗಿನ ಚಕ್ರಕ್ಕೆ ಒಂದು ಜೀವವೇ ಕಾರಣವೆಂಬ ಅವರ ಊಹೆಯಲ್ಲಿ ಸತ್ಯಾಂಶವಿದ್ದಿತು. ಆದರೆ ಆ ಜೀವವು ಕಲ್ಲನ್ನು ಕೊರೆಯಲಿಲ್ಲ, ತಾನು ಕಟ್ಟಿಕೊಂಡ ಮನೆಯನ್ನು ಬಿಟ್ಟುಹೋಯಿತು, ಆ ಮನೆಯ ಸುತ್ತ ಕೆಸರು ಕಲ್ಲಾಯಿತು. ಇನ್ನು ದೇವರ ಪೆಟ್ಟಿಗೆಯ ಸಾಲಿಗ್ರಾಮವನ್ನು ಸೀಳಿ ಒಳಗನ್ನು ನೋಡುವ ಮನಸ್ಸು ಯಾವ ಗೃಹಸ್ಥನಿಗೂ ಬಾರದು, ಬರಲೂಬಾರದು. ಸೀಳದೆಯೇ ಒಳಗನ್ನು ನೋಡಬೇಕೆನ್ನುವವರಿಗೆ ಊಟ್ಟತ್ತೂರಿನ ಬಯಲು ಇರುವುದು. ಅಲ್ಲಿ ಮಳೆ ಬಿಸಿಲುಗಳೇ ಕಲ್ಲುಗಳನ್ನು ಸೀಳಿ ಇಟ್ಟಿವೆ.

ತಿರುಚಿನಾಪಳ್ಳಿಯಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಪಾಡಾಲೂರಿನವರೆಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ತಿರುಗಬೇಕು. ಅದುವರೆಗೆ ನಮ್ಮ ಕಾಲಡಿಯಲ್ಲಿರುವುದು ಬಂಡೆಕೋಟೆಯ ಜಾತಿಗೇ ಸೇರಿದ ಅತಿ ಪ್ರಾಚೀನವಾದ ಗಟ್ಟಿಶಿಲೆ. ಅದರಲ್ಲಿ ಯಾವ ಪ್ರಾಣಿಯ ಗುರುತೂ ಇಲ್ಲ. ಹಳೆಯ ಶಿವಾಲಯವಿರುವ ಊಟ್ಟತ್ತೂರನ್ನು ದಾಟುತ್ತಿದ್ದಂತೆ ನೆಲದ ಬಣ್ಣ ಬದಲಾಗುವುದು. ಹತ್ತಿಯ ಹೊಲ, ಸಣ್ಣ ಈರುಳ್ಳಿಯ ಪಾತಿ, ಮುಸುಕಿನ ಜೋಳ, ಅಲ್ಲಲ್ಲಿ ತಾಳೆಯ ಮರ. ಅವುಗಳ ನಡುವೆ ಏನೂ ಬೆಳೆಯದ ಹಳದಿ ಬೂದು ಮಿಶ್ರವಾದ ಜೇಡಿಯ ದಿಬ್ಬಗಳು. ಕಾರೈ ಗ್ರಾಮದ ಬಳಿಯಂತೂ ಮಳೆಯ ನೀರು ಈ ಜೇಡಿಯನ್ನು ಸಾವಿರಾರು ಕೊರಕಲುಗಳಾಗಿ ಕೊರೆದಿರುವುದು. ಆ ಕೊರಕಲುಗಳ ಮೈಮೇಲೆ ಜಿಪ್ಸಮ್ಮಿನ ತಗಡುಗಳು ಕನ್ನಡಿಯ ಚೂರುಗಳಂತೆ ಹೊಳೆಯುವುವು. ನೆರಳೆಂಬುದಿಲ್ಲ. ಆಡು ಮೇಯಿಸುವ ಹುಡುಗರಲ್ಲದೆ ಬೇರೆ ಯಾರೂ ಅಲ್ಲಿ ಸುಳಿಯರು.

ಇಂಡಿಯಾ ದೇಶವು ದಕ್ಷಿಣದ ಮಹಾಭೂಖಂಡದಿಂದ ಬೇರ್ಪಟ್ಟು ಉತ್ತರಕ್ಕೆ ಸರಿಯುತ್ತಿದ್ದ ಕಾಲದಲ್ಲಿ, ಅದರ ಪೂರ್ವದ ಅಂಚು ತಗ್ಗಿ ಕಡಲು ಒಳನುಗ್ಗಿತು. ಊಟ್ಟತ್ತೂರಿನ ಹೆಸರನ್ನೇ ಹೊತ್ತ ಪದರಗಳು ಸುಮಾರು 11 ಕೋಟಿ ವರ್ಷಗಳ ಹಿಂದಿನಿಂದ 9 ಕೋಟಿ ವರ್ಷಗಳ ಹಿಂದಿನವರೆಗೆ ಆ ಕಡಲಿನಲ್ಲಿ ಒಂದರ ಮೇಲೊಂದು ಕೂಡಿಬಂದವು. ಅವುಗಳ ಮೇಲೆ ತಿರುಚಿನಾಪಳ್ಳಿಯ ಪದರಗಳು, ಅವುಗಳ ಮೇಲೆ ಅರಿಯಲೂರಿನವು, ಎಲ್ಲಕ್ಕೂ ಮೇಲೆ ನಿನ್ನಿಯೂರಿನವು. ಪದರಗಳು ಪೂರ್ವಕ್ಕೆ ಓರೆಯಾಗಿ ಇಳಿದಿರುವುದರಿಂದ, ಪಡುವಣದಿಂದ ಮೂಡಣಕ್ಕೆ ನಡೆದುಹೋಗುವವನು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಮಗುಚಿದಂತೆ ಹಳೆಯ ಕಾಲದಿಂದ ಈಚಿನ ಕಾಲಕ್ಕೆ ನಡೆಯುವನು.

ನಮ್ಮೊಡನೆ ಬಂದಿದ್ದವರು ಭೂವಿಜ್ಞಾನವನ್ನು ಬಹುಕಾಲ ಪಾಠಹೇಳಿ ನಿವೃತ್ತರಾದ ಮೇಷ್ಟ್ರು. ಅವರ ಚೀಲದಲ್ಲಿದ್ದ ಸಾಮಾನುಗಳು ಬಹಳವಲ್ಲ. ಒಂದು ಭೂತಗನ್ನಡಿ, ಒಂದು ಸೀಸೆ ನೀರು, ಒದ್ದೆ ಬಟ್ಟೆ, ಒಂದು ಸಾಣೆಕಲ್ಲು. ಕೊರಕಲಿಗೆ ಇಳಿದು ಹತ್ತು ಹೆಜ್ಜೆ ಹೋಗುವುದರೊಳಗೆ ಆಡು ಕಾಯುವ ಹುಡುಗನೊಬ್ಬನು ಬಂದು ಅಂಗೈ ತೆರೆದು ತೋರಿಸಿದನು. ಬೆರಳಿನ ಗಾತ್ರದ, ತುದಿ ಚೂಪಾದ, ಬೆಲ್ಲದ ಬಣ್ಣದ ಕಲ್ಲುಗಳು. ಬಂದೂಕದ ಗುಂಡುಗಳಂತೆ ಕಂಡವು. ಇವು ಬೆಲೆಮ್ನೈಟ್ ಎಂಬ ಪ್ರಾಣಿಯವು. ಕಾರೈಯ ಜೇಡಿಯಲ್ಲಿ ಇವು ಹೇರಳ.

ಮೇಷ್ಟ್ರು ಅಡ್ಡಕ್ಕೆ ಮುರಿದಿದ್ದ ಒಂದು ತುಂಡನ್ನು ಆರಿಸಿ, ನೀರು ಚಿಮುಕಿಸಿ, ಭೂತಗನ್ನಡಿಯನ್ನು ನಮ್ಮ ಕೈಗೆ ಕೊಟ್ಟರು. ನಡುವಿನ ಒಂದು ಚುಕ್ಕೆಯಿಂದ ಅಂಚಿನವರೆಗೆ ಬೆಳಕಿನ ಕಿರಣಗಳಂತೆ ನೂರಾರು ಸೂಕ್ಷ್ಮ ಎಳೆಗಳು ಹರಡಿದ್ದವು. ಅವುಗಳನ್ನು ಸುತ್ತುವರಿದು ಮರದ ತಿರುಳಿನ ಬಳೆಗಳಂತೆ ಬಳೆಗಳಿದ್ದವು. “ಇದು ಹವಳವಲ್ಲವೆ ಸ್ವಾಮಿ? ಹವಳವನ್ನು ಕೊಯ್ದರೆ ಚಕ್ರದ ಅರೆಗಳಂತೆ ಕಾಣುವುದೆಂದು ಓದಿದ್ದೇನೆ” ಎಂದು ನಮ್ಮ ಜೊತೆಯವರೊಬ್ಬರು ಕೇಳಿದರು.

“ಅರೆಗಳ ನಡುವೆ ಬಯಲಿದೆಯೋ ನೋಡಿ” ಎಂದರು ಮೇಷ್ಟ್ರು.

ಬಯಲಿರಲಿಲ್ಲ. ಎಳೆಗಳು ಒಂದಕ್ಕೊಂದು ಒತ್ತಿ ತುಂಬಿದ್ದವು. ಭೇದವು ಇಷ್ಟೇ, ಆದರೆ ಇದೇ ಸಾಕು. ಹವಳದಲ್ಲಿ ಅರೆಗಳೆಂದರೆ ಬೇರೆ ಬೇರೆಯಾಗಿ ನಿಂತ ತೆಳು ಗೋಡೆಗಳು; ಅವುಗಳ ನಡುವಣ ಬಯಲಿನಲ್ಲಿ ಪ್ರಾಣಿಯ ಮೃದುವಾದ ಮೈ ಇರುತ್ತಿದ್ದಿತು. ಬೆಲೆಮ್ನೈಟಿನ ಗುಂಡು ಘನವಾದುದು. ಅದರೊಳಗೆ ಯಾರೂ ವಾಸಿಸಲಿಲ್ಲ. ಆ ಪ್ರಾಣಿಯು ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆಯುವ ಜೀವದ ದೂರದ ನಂಟ. ಗುಂಡು ಅದರ ಮೈಯೊಳಗಿನ ಹಿಂಭಾಗದ ಭಾರ. ಸಂಶಯ ಉಳಿದರೆ ಗುಂಡಿನ ಮೊಂಡು ತುದಿಯನ್ನು ನೋಡಬೇಕು. ಅಲ್ಲಿ ಕೊಳವೆಯಾಕಾರದ ಒಂದು ಕುಳಿಯಿರುವುದು. ಅದೃಷ್ಟವಿದ್ದರೆ ಆ ಕುಳಿಯೊಳಗೆ ಗಂಟೆಯಂತೆ ಕೂತ ಒಂದು ಪುಟ್ಟ ಶಂಕು, ಅದರಲ್ಲಿ ಒಂದರ ಮೇಲೊಂದು ಅಡ್ಡಗೋಡೆಗಳು, ಅಂಚಿನಲ್ಲಿ ಅವುಗಳನ್ನು ತೂರಿಹೋಗುವ ಒಂದು ನಾಳ ಕಾಣುವುವು. ಅಡ್ಡಗೋಡೆ ಮತ್ತು ನಾಳ, ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನದೆಲ್ಲವೂ ಇವುಗಳ ಮೇಲೆ ನಿಂತಿದೆ.

ಬಿದಿರಿನ ಕೋಲನ್ನು ಉದ್ದಕ್ಕೆ ಸೀಳಿದರೆ ಗೆಣ್ಣು ಗೆಣ್ಣಿಗೂ ಒಂದು ಅಡ್ಡಗೋಡೆ ಇರುವುದು ಎಲ್ಲರಿಗೂ ಗೊತ್ತು. ಆ ಗೋಡೆಗಳನ್ನೆಲ್ಲ ತೂರಿ ಒಂದು ದಾರ ಹೋಗಿದೆಯೆಂದು ಭಾವಿಸಿದರೆ ಅದೇ ಶಿರಪಾದಿಗಳ ಚಿಪ್ಪಿನ ರಚನೆ. ತಲೆಗೇ ಕಾಲುಗಳು ಕೂಡಿಕೊಂಡಿರುವುದರಿಂದ ಈ ವರ್ಗಕ್ಕೆ ಶಿರಪಾದಿಗಳೆಂದು ಹೆಸರು. ಪ್ರಾಣಿಯು ಚಿಪ್ಪಿನ ಬಾಯಿಯ ಬಳಿಯ ಕೊನೆಯ ಕೋಣೆಯಲ್ಲಿ ಮಾತ್ರ ಇರುವುದು. ಬೆಳೆದಂತೆ ಮುಂದಕ್ಕೆ ಸರಿದು, ಹಿಂದೆ ಒಂದು ಗೋಡೆಯನ್ನು ಕಟ್ಟಿ, ಹಳೆಯ ಕೋಣೆಯನ್ನು ಮುಚ್ಚುವುದು. ಆದರೆ ಪೂರ್ತಿಯಾಗಿ ಬಿಟ್ಟುಬಿಡುವುದಿಲ್ಲ. ನಾಳದ ಮೂಲಕ ಆ ಕೋಣೆಯ ನೀರನ್ನು ಹೀರಿ ತೆಗೆದು ಗಾಳಿಯನ್ನು ತುಂಬುವುದು. ಹೀಗಾಗಿ ಭಾರವಾದ ಚಿಪ್ಪು ನೀರಿನಲ್ಲಿ ಮುಳುಗದೆ ತೇಲುವುದು. ಪಶ್ಚಿಮ ಪೆಸಿಫಿಕ್ ಮತ್ತು ಪೂರ್ವ ಹಿಂದೂಸಾಗರಗಳಲ್ಲಿ ಇಂದಿಗೂ ಬದುಕಿರುವ ನಾಟಿಲಸ್ ಹೀಗೆಯೇ ಬಾಳುತ್ತಿದೆ. ನಮ್ಮ ಸಮುದ್ರಫೇನವೂ ಇದೇ ಕುಲದ್ದು. ಅದು ಕಡಲಿನ ನೊರೆಯಲ್ಲ, ಶಿರಪಾದಿಯೊಂದರ ಮೈಯೊಳಗಿನ ಚಿಪ್ಪು. ಹರಿತವಾದ ಚಾಕುವಿನಿಂದ ಅದನ್ನು ಅಡ್ಡಕ್ಕೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಕಾಗದದಷ್ಟು ತೆಳುವಾದ ಕೋಣೆಗಳು ಸಾಲುಸಾಲಾಗಿ ಕಾಣುವುವು.

ಇದಕ್ಕೆ ಪ್ರತಿಯಾಗಿ ಶಂಖವನ್ನು ಸೀಳಿದರೆ ಏನು ಕಾಣುವುದು? ನಡುವೆ ಒಂದು ಕಂಬ. ಅದನ್ನು ಸುತ್ತಿ ಬಾಯಿಯಿಂದ ತುದಿಯವರೆಗೆ ಸುತ್ತು ಮೆಟ್ಟಲಿನಂತೆ ಏರುವ ಒಂದೇ ಓಣಿ. ಕ್ರಮವಾಗಿ ಕಟ್ಟಿದ ಅಡ್ಡಗೋಡೆಗಳಾಗಲಿ ಅವುಗಳನ್ನು ತೂರುವ ನಾಳವಾಗಲಿ ಅಲ್ಲಿಲ್ಲ. ಆದುದರಿಂದಲೇ ಊದಿದ ಉಸಿರು ಅದರ ಸುರುಳಿಯಲ್ಲೆಲ್ಲ ಸುತ್ತಿ ಮೊಳಗುವುದು. ಈ ಭೇದವು ಊಟ್ಟತ್ತೂರಿನಲ್ಲಿ ಬಹಳ ಬೇಕಾಗುವುದು. ಏಕೆಂದರೆ ಅಲ್ಲಿ ಟುರಿಲೈಟಿಸ್ ಎಂಬ ಅಮ್ಮೊನೈಟ್ ದೊರೆಯುವುದು. ಅದು ತನ್ನ ಬಳಗದ ರೂಢಿಯನ್ನು ಬಿಟ್ಟು ಗೋಪುರದಂತೆ ಮೇಲಕ್ಕೆ ಸುತ್ತಿಕೊಂಡು, ಹೊರಗಿನಿಂದ ನೋಡಿದರೆ ಅಪ್ಪಟ ಶಂಖದ ಜಾತಿಯಂತೆಯೇ ತೋರುವುದು. ಒಡೆದ ಮೈಯಲ್ಲಿ ಅಡ್ಡಗೋಡೆ ಕಂಡಿತೋ, ಅದು ಅಮ್ಮೊನೈಟ್. ಒಂದೇ ಓಣಿಯಾದರೆ ಬಸವನಹುಳುವಿನ ಕುಲ. ಸ್ವಲ್ಪ ದೂರದ ಗರುಡಮಂಗಲದ ಸುಣ್ಣಕಲ್ಲಿನಲ್ಲಿ ಇಂಥ ಬಸವನಹುಳುಗಳೂ ಕಪ್ಪೆಚಿಪ್ಪುಗಳೂ ಒತ್ತೊತ್ತಾಗಿ ಸೇರಿವೆ. ಆ ಕಲ್ಲಿಗೆ ಮೆರುಗು ಕೊಟ್ಟು ತಿರುಚಿನಾಪಳ್ಳಿಯ ಅಮೃತಶಿಲೆಯೆಂದು ಮಾರುತ್ತಿದ್ದರು.

ಇನ್ನು ಸುರುಳಿಯಾದ ಅಮ್ಮೊನೈಟಿಗೂ ನಾಟಿಲಸಿಗೂ ಇರುವ ಭೇದವೇನು? ಎರಡೂ ಚಕ್ಕುಲಿಯಂತೆ ಸುತ್ತಿಕೊಂಡವು, ಎರಡಕ್ಕೂ ಅಡ್ಡಗೋಡೆಗಳಿವೆ, ಎರಡಕ್ಕೂ ನಾಳವಿದೆ. ಮೊದಲು ಗೋಡೆಯ ಅಂಚನ್ನು ನೋಡಬೇಕು. ಗೋಡೆಯು ಚಿಪ್ಪಿನ ಒಳಮೈಗೆ ಕೂಡುವ ಕಡೆ ಬೀಳುವ ಗೆರೆಯನ್ನು ಸಂಧಿರೇಖೆ ಎನ್ನೋಣ. ನಾಟಿಲಸಿನ ಗೋಡೆಯು ಹಿತ್ತಾಳೆಯ ಬಟ್ಟಲಿನಂತೆ ನುಣುಪಾಗಿ ಬಾಗಿದೆ. ಆದುದರಿಂದ ಅದರ ಸಂಧಿರೇಖೆಯು ಸರಳವಾದ ಒಂದು ಬಾಗು, ಇಲ್ಲವೆ ಮೆಲ್ಲನೆಯ ಒಂದು ಅಲೆ. ಅಮ್ಮೊನೈಟಿನ ಗೋಡೆಯಾದರೋ ಅಂಚಿಗೆ ಬರಬರುತ್ತ ನೆರಿಗೆ ನೆರಿಗೆಯಾಗುವುದು. ಅದರ ಸಂಧಿರೇಖೆಯು ಕೊತ್ತಂಬರಿ ಸೊಪ್ಪಿನ ಅಂಚಿನಂತೆ, ಕವಲೊಡೆದು ಮತ್ತೆ ಕವಲೊಡೆದು ನಡೆಯುವುದು. ಈ ನೆರಿಗೆಗಳು ನೀರಿನ ಒತ್ತಡವನ್ನು ತಡೆಯುವುದಕ್ಕೆಂದು ಬಹುಕಾಲ ಹೇಳುತ್ತಿದ್ದರು. ಅದೊಂದೇ ಕಾರಣವೆ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ನಡೆದಿದೆ.

ಎರಡನೆಯದಾಗಿ ನಾಳದ ಸ್ಥಾನ. ನಾಟಿಲಸಿನಲ್ಲಿ ನಾಳವು ಗೋಡೆಯ ನಡುಭಾಗವನ್ನು ತೂರಿ ಹೋಗುವುದು. ಊಟ್ಟತ್ತೂರಿನ ಅಮ್ಮೊನೈಟುಗಳಲ್ಲಿ ಅದು ಸುರುಳಿಯ ಹೊರ ಅಂಚನ್ನೇ ಹಿಡಿದು ಹೋಗುವುದು. ಗೋಡೆಯ ತೂತು ಎಲ್ಲಿದೆಯೆಂದು ನೋಡಿದರೆ, ಸಂಧಿರೇಖೆಯು ಅಳಿಸಿಹೋದ ಕಲ್ಲನ್ನು ಸಹ ಹೆಸರಿಡಿದು ಕರೆಯಬಹುದು.

ಇಲ್ಲಿ ಹೊಸಬರಿಗೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದು, ಸಂಧಿರೇಖೆಯನ್ನು ಚಿಪ್ಪಿನ ಹೊರಮೈಯಲ್ಲಿ ಹುಡುಕಬಾರದು. ಗೋಡೆಯು ಒಳಗಿರುವುದು, ಚಿಪ್ಪು ಕರಗಿಹೋಗಿ, ಒಳಗೆ ತುಂಬಿದ್ದ ಕೆಸರು ಕಲ್ಲಾಗಿ ಹೊರಬಿದ್ದ ಕಡೆ ಮಾತ್ರ ಆ ಗೆರೆ ಕಾಣುವುದು. ಮೈಮೇಲೆ ಓಡುವ ದಪ್ಪ ಏಣುಗಳು ಚಿಪ್ಪಿನ ಅಲಂಕಾರಗಳೇ ಹೊರತು ಗೋಡೆಗಳಲ್ಲ. ಎರಡನೆಯದು, ಪ್ರಾಣಿಯು ವಾಸವಾಗಿದ್ದ ಕೊನೆಯ ಕೋಣೆಯಲ್ಲಿ ಗೋಡೆಯೇ ಇಲ್ಲ. ಅದು ಸುರುಳಿಯ ಅರ್ಧ ಸುತ್ತು, ಕೆಲವುದರಲ್ಲಿ ಒಂದು ಸುತ್ತಿನಷ್ಟೂ ಇರಬಹುದು. ಆ ಭಾಗದ ತುಂಡು ಕೈಗೆ ಸಿಕ್ಕಿದರೆ, ಗೋಡೆ ಕಾಣಲಿಲ್ಲವೆಂದು ಅದನ್ನು ಬೇರೆ ಕುಲಕ್ಕೆ ಸೇರಿಸಬಾರದು. ಇನ್ನಷ್ಟು ಒಳಗಿನ ಸುತ್ತನ್ನು ನೋಡಿಯೇ ನಿರ್ಣಯಿಸಬೇಕು.

ಹವಳಗಳನ್ನು ನೋಡಬೇಕಾದರೆ ಜೇಡಿಯ ಕೊರಕಲುಗಳನ್ನು ಬಿಟ್ಟು, ಪದರಗಳ ತಳದಲ್ಲಿರುವ ಸುಣ್ಣಕಲ್ಲಿಗೆ ಹೋಗಬೇಕು. ಕಲ್ಲಕುಡಿಯ ಗಣಿಗಳಲ್ಲಿ ಈ ಸುಣ್ಣಕಲ್ಲು ಹೊರಬಿದ್ದಿದೆ. ತಿಳಿಯಾದ, ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಹವಳಗಳೂ ಸುಣ್ಣವನ್ನು ಕಟ್ಟುವ ಪಾಚಿಗಳೂ ಕೂಡಿ ಬೆಳೆದುದರಿಂದ ಅದು ಉಂಟಾಯಿತು. ಕೊರಳ ಸರದ ಕೆಂಪು ಹವಳವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಹುಡುಕಿದರೆ ಏನೂ ಸಿಕ್ಕದು. ಆ ಕೆಂಪು ಹವಳವು ಬೇರೊಂದು ಶಾಖೆಯದು. ಅದರ ಕಡ್ಡಿ ಗಟ್ಟಿಯಾದುದು, ಒಳಗೆ ಕೋಣೆಯಿಲ್ಲ. ದಿಬ್ಬಗಳನ್ನು ಕಟ್ಟುವ ಹವಳಗಳಲ್ಲಿ ಒಂದೊಂದು ಪ್ರಾಣಿಗೂ ಒಂದೊಂದು ಬಟ್ಟಲಿರುವುದು. ಕಿತ್ತಳೆಹಣ್ಣನ್ನು ಅಡ್ಡಕ್ಕೆ ಕೊಯ್ದಾಗ ತೊಳೆಗಳ ನಡುವಣ ಪೊರೆಗಳು ಕಾಣುವಂತೆ, ಬಟ್ಟಲಿನ ಅಂಚಿನಿಂದ ನಡುವಿಗೆ ನಿಂತ ಗೋಡೆಗಳು ಸಾಗಿರುವುವು. ಊಟ್ಟತ್ತೂರಿನ ಕಾಲದ ಹವಳಗಳಲ್ಲಿ ಈ ನಿಂತ ಗೋಡೆಗಳು ಸಾಮಾನ್ಯವಾಗಿ ಆರು, ಹನ್ನೆರಡು, ಇಪ್ಪತ್ತನಾಲ್ಕು ಎಂದು ಆರರ ಲೆಕ್ಕದಲ್ಲಿ ಬರುವುವು. ಇಂದಿನ ಕಡಲಿನ ಹವಳಗಳೂ ಇದೇ ಲೆಕ್ಕದವು.

ಇದಕ್ಕಿಂತ ಪ್ರಾಚೀನವಾದ ಹವಳಗಳ ಲೆಕ್ಕವೇ ಬೇರೆ. ಅದನ್ನು ತೋರಿಸುವುದಕ್ಕೆಂದು ಮೇಷ್ಟ್ರು ಹಿಂದೆ ಹಿಮಾಲಯದ ಸ್ಪಿತಿ ಕಣಿವೆಯಿಂದ ತಂದಿದ್ದ ಎರಡು ಕಲ್ಲುಗಳನ್ನು ಜೇಬಿನಿಂದ ತೆಗೆದರು. ಎರಡೂ ಹೋರಿಯ ಎಳೆಗೊಂಬಿನಂತೆ ಒಂದು ಕಡೆ ಅಗಲ, ಒಂದು ಕಡೆ ಚೂಪು. ಎರಡರ ಒಂದು ಪಕ್ಕವನ್ನೂ ಉದ್ದಕ್ಕೆ ಉಜ್ಜಿ ನುಣುಪು ಮಾಡಿದ್ದರು; ಎರಡರಲ್ಲಿಯೂ ಏಣಿಯ ಮೆಟ್ಟಲುಗಳಂತೆ ಅಡ್ಡಗೋಡೆಗಳು ಕಂಡವು. ಒಂದು ಹವಳ, ಒಂದು ನೆಟ್ಟನೆಯ ಶಿರಪಾದಿ, ಯಾವುದು ಯಾವುದೆಂದು ಹೇಳಿರೆಂದರು. ಹವಳಕ್ಕೂ ಅಡ್ಡಗೋಡೆಯುಂಟೆ? ಉಂಟು. ಆ ಪ್ರಾಣಿಯೂ ಎತ್ತರಕ್ಕೆ ಬೆಳೆದಂತೆ ತನ್ನ ಅಡಿಯಲ್ಲಿ ಹೊಸ ನೆಲಗಟ್ಟನ್ನು ಹಾಕಿಕೊಳ್ಳುವುದು. ಹಾಗಾದರೆ ಗುರುತಿಸುವುದು ಹೇಗೆ?

ಒಂದನೆಯ ಕಲ್ಲಿನಲ್ಲಿ ಗೋಡೆಗಳು ಹೆಚ್ಚು ಕಡಿಮೆ ಸಮ ದೂರದಲ್ಲಿದ್ದು, ಪ್ರತಿಯೊಂದೂ ಗಡಿಯಾರದ ಗಾಜಿನಂತೆ ಬಾಗಿ, ತನ್ನ ತಗ್ಗನ್ನು ಅಗಲವಾದ ಬಾಯಿಯ ಕಡೆಗೆ ತೋರಿಸುತ್ತಿದ್ದಿತು. ನಡುವೆ ಎಲ್ಲವನ್ನೂ ತೂರಿ ಒಂದು ನಾಳದ ಗೆರೆ ಓಡಿತ್ತು. ಎರಡನೆಯದರಲ್ಲಿ ನೆಲಗಟ್ಟುಗಳು ಒಂದು ಕಡೆ ಒತ್ತಾಗಿ ಒಂದು ಕಡೆ ವಿರಳವಾಗಿ, ಕೆಲವು ಅರ್ಧಕ್ಕೇ ನಿಂತಿದ್ದವು, ಅವುಗಳನ್ನು ನಿಂತ ಗೋಡೆಗಳು ಉದ್ದಕ್ಕೂ ಕತ್ತರಿಸಿದ್ದವು, ನಾಳವಿರಲಿಲ್ಲ. ಚೂಪಾದ ತುದಿಯ ಕಡೆ ಅಡ್ಡಕ್ಕೆ ಉಜ್ಜಿದ ಮೈಯನ್ನು ನೋಡಿದಾಗ ಎಲ್ಲ ಸಂದೇಹವೂ ನೀಗಿತು. ಒಂದನೆಯದರಲ್ಲಿ ಬರಿಯ ಒಂದು ಬಳೆ, ಅದರೊಳಗೆ ನಾಳದ ಪುಟ್ಟ ಬಳೆ; ಎರಡನೆಯದರಲ್ಲಿ ರಥದ ಗಾಲಿಯ ಅರೆಗಳು. ಒಂದನೆಯದು ಶಿರಪಾದಿ, ಎರಡನೆಯದು ಹವಳ. ಆ ಕೊಂಬುಹವಳದ ಅರೆಗಳು ಆರರ ಲೆಕ್ಕಕ್ಕೆ ಬಾರವು. ಅದರಲ್ಲಿ ಹೊಸ ಗೋಡೆಗಳು ನಾಲ್ಕು ಮೂಲೆಗಳಲ್ಲಿ ಹುಟ್ಟುವುವು. ಆ ಸಂತತಿಯು ಸುಮಾರು 25 ಕೋಟಿ ವರ್ಷಗಳ ಹಿಂದೆ ನಡೆದ ಮಹಾವಿನಾಶದಲ್ಲಿ ಅಳಿದುಹೋಯಿತು. ಆದುದರಿಂದ ಊಟ್ಟತ್ತೂರಿನ ಪದರದಲ್ಲಿ ಕೊಂಬುಹವಳ ಸಿಕ್ಕಿತೆಂದು ಯಾರಾದರೂ ಹೇಳಿದರೆ, ಹೆಸರು ತಪ್ಪಿರಬೇಕು, ಇಲ್ಲವೆ ಕಲ್ಲು ಬೇರೆ ಕಡೆಯಿಂದ ಬಂದಿರಬೇಕು.

ಈ ಬಯಲನ್ನು ಮೊದಲು ಓದಿದವರ ಕಥೆಯೂ ಕೇಳತಕ್ಕುದು. ಕೇ ಮತ್ತು ಕನ್‌ಲಿಫ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಪಾಂಡಿಚೇರಿ, ವೃದ್ಧಾಚಲ, ತಿರುಚಿನಾಪಳ್ಳಿ ಸೀಮೆಗಳಿಂದ ಕೂಡಿಹಾಕಿ ಕಳುಹಿಸಿದ ಅವಶೇಷಗಳನ್ನು ಎಡ್ವರ್ಡ್ ಫೋರ್ಬ್ಸ್ ಎಂಬ ಪಂಡಿತನು 1846ರಲ್ಲಿ ವರ್ಣಿಸಿದನು. ಅನಂತರ ಭಾರತ ಭೂವೈಜ್ಞಾನಿಕ ಸರ್ವೇಕ್ಷಣದ ಎಚ್. ಎಫ್. ಬ್ಲಾನ್‌ಫರ್ಡ್ ಊರೂರು ಸುತ್ತಿ ಪದರಗಳ ನಕ್ಷೆಯನ್ನು ಬರೆದು, ನಾಟಿಲಸ್ ಮತ್ತು ಬೆಲೆಮ್ನೈಟ್‌ಗಳನ್ನು ವರ್ಣಿಸಿದನು. ಉಳಿದುದೆಲ್ಲವೂ ಫರ್ಡಿನೆಂಡ್ ಸ್ಟೋಲಿಚ್ಕನ ಪಾಲಿಗೆ ಬಂದಿತು. ಮೊರಾವಿಯಾ ದೇಶದಲ್ಲಿ 1838ರಲ್ಲಿ ಹುಟ್ಟಿದ ಈತನು 1862ರಲ್ಲಿ ಈ ದೇಶಕ್ಕೆ ಬಂದು, ಹತ್ತು ಹನ್ನೊಂದು ವರ್ಷಗಳಲ್ಲಿ ಅಮ್ಮೊನೈಟಿನಿಂದ ಹಿಡಿದು ಹವಳದವರೆಗೆ ಈ ಬತ್ತಿದ ಕಡಲಿನ ಪ್ರಜೆಗಳ ಜನಗಣತಿಯನ್ನೇ ಬರೆದು ಮುಗಿಸಿದನೆನ್ನಬಹುದು. 1874ರಲ್ಲಿ ಯಾರ್ಕಂದದಿಂದ ಹಿಂದಿರುಗುವಾಗ ಕಾರಾಕೋರಂ ಕಣಿವೆಯನ್ನು ದಾಟಿದ ಮೇಲೆ, ಮೂವತ್ತಾರು ವಯಸ್ಸಿಗೇ ತೀರಿಕೊಂಡನು. ಅವನ ಸಮಾಧಿಯು ಲೇಹ್ ಪಟ್ಟಣದಲ್ಲಿದೆ.

ಕಾರೈಯಿಂದ ಮೂಡಣಕ್ಕೆ ನಡೆದು, ಸಾತನೂರಿನಲ್ಲಿ ಸುಮಾರು ಅರುವತ್ತು ಅಡಿ ಉದ್ದಕ್ಕೆ ಮಲಗಿರುವ ಕಲ್ಲಾದ ಮರವನ್ನು ನೋಡಿಕೊಂಡು, ಅರಿಯಲೂರನ್ನು ದಾಟಿ ನಿನ್ನಿಯೂರಿನ ಕಡೆಗೆ ಹೋಗಬೇಕು. ಈ ದಾರಿಯ ಕೊನೆಯಲ್ಲಿ ಒಳಗೋಡೆಯ ವಿದ್ಯೆಯು ಬರಿಯ ಕುತೂಹಲದ ಮಾತಾಗಿ ಉಳಿಯುವುದಿಲ್ಲ. ಅರಿಯಲೂರಿನ ಪದರಗಳವರೆಗೆ ಅಮ್ಮೊನೈಟುಗಳು ಇವೆ. ಕೋಲಿನಂತೆ ನೆಟ್ಟಗಾದ ಬ್ಯಾಕ್ಯುಲೈಟಿಸ್ ಎಂಬ ಅಮ್ಮೊನೈಟನ್ನು ಸಹ ಆ ಕಾಲದ ಪದರಗಳಲ್ಲಿ ಕಾಣಬಹುದು. ನೆಟ್ಟಗಿದ್ದರೇನು, ಅದರ ಸಂಧಿರೇಖೆಯ ನೆರಿಗೆ ಅದರ ಕುಲವನ್ನು ಹೇಳಿಬಿಡುವುದು. ನಿನ್ನಿಯೂರಿನ ಪದರಕ್ಕೆ ಕಾಲಿಟ್ಟೊಡನೆ ಅಮ್ಮೊನೈಟುಗಳು ಇಲ್ಲ. ಬೆಲೆಮ್ನೈಟುಗಳೂ ಇಲ್ಲ. ಆದರೆ ಸುರುಳಿಯಾದ, ಅಡ್ಡಗೋಡೆಗಳುಳ್ಳ ಒಂದು ಚಿಪ್ಪು ಅಲ್ಲಿಯೂ ಸಿಕ್ಕುವುದು. ಅದರ ಸಂಧಿರೇಖೆಯು ನಾಟಿಲಸಿನ ಜಾತಿಗೆ ಹೆಚ್ಚೆನ್ನುವಷ್ಟು ಬಳುಕಿರುವುದು. ಅವಸರದಲ್ಲಿ ನೋಡಿದವರು ಅಮ್ಮೊನೈಟೆಂದು ಕರೆದುಬಿಡಬಹುದು. ಹಾಗೆ ಕರೆದರೆ ಆ ಪದರದ ಕಾಲವೇ ಬದಲಾಗುವುದು. ನಿಧಾನವಾಗಿ ನೋಡಿದರೆ ಅಲೆಯುಂಟು, ಆದರೆ ಕೊತ್ತಂಬರಿ ಎಲೆಯ ಸೀಳುಗಳಿಲ್ಲ. ನಾಳವು ಹೊರ ಅಂಚಿನಲ್ಲಿಲ್ಲ. ಅದು ನಾಟಿಲಸಿನ ಬಳಗವೇ. ಮೊದಲು ಡೆನ್ಮಾರ್ಕಿನಲ್ಲಿ ದೊರೆತುದರಿಂದ ಅದಕ್ಕೆ ಆ ದೇಶದ ಹೆಸರೇ ಬಂದಿದೆ.

ಅರಿಯಲೂರಿಗೂ ನಿನ್ನಿಯೂರಿಗೂ ನಡುವೆ, ಈಗ ತಿಳಿದಿರುವಂತೆ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಲೋಕದ ಜೀವಗಳಲ್ಲಿ ಬಹುಭಾಗ ಅಳಿದುಹೋಯಿತು. ನೆಲದ ಮೇಲೆ ಡೈನೊಸಾರುಗಳು ಅಳಿದವು, ಕಡಲಿನಲ್ಲಿ ಅಮ್ಮೊನೈಟುಗಳು ಅಳಿದವು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಸೀಮೆಗಳ ಕರಿಯ ಕಲ್ಲು ಬೆಂಕಿಯ ಹೊಳೆಯಾಗಿ ಹರಿದುಬಂದುದೂ ಸುಮಾರು ಆ ಕಾಲದಲ್ಲಿಯೇ. ಅಂಥ ಕಾಲದಲ್ಲಿ ಯಾರು ಉಳಿದರು, ಯಾರು ಅಳಿದರು ಎಂಬುದನ್ನು ಈ ಬಯಲಿನಲ್ಲಿ ಒಂದು ತೂತಿನ ಸ್ಥಾನವೂ ಒಂದು ಗೆರೆಯ ಬಳುಕೂ ಹೇಳುತ್ತಿವೆ.

ನಿನ್ನಿಯೂರಿನ ಸುಣ್ಣಕಲ್ಲಿನ ವಿಚಾರದಲ್ಲಿ ಕನ್ನಡಿಗರು ನೆನೆಯತಕ್ಕ ಒಂದು ಹೆಸರಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಎಲ್. ರಾಮರಾಯರು ಆ ಕಲ್ಲನ್ನು ಗಾಜಿನ ಮೇಲೆ ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಸುಣ್ಣ ಕಟ್ಟುವ ಪಾಚಿಗಳು ತುಂಬಿರುವುದನ್ನು ಕಂಡರು. ವಿಯೆನ್ನಾದ ಯೂಲಿಯಸ್ ಪಿಯಾ ಎಂಬ ವಿದ್ವಾಂಸನೊಡನೆ ಸೇರಿ 1936ರಲ್ಲಿ ಅದನ್ನು ಪ್ರಕಟಿಸಿದರು. ಬರಿಗಣ್ಣಿಗೆ ಹವಳದ ಚೂರಿನಂತೆ ತೋರಬಹುದಾದ ಬಿಳಿಯ ಚುಕ್ಕೆಯೊಂದು ಪ್ರಾಣಿಯೇ ಅಲ್ಲ, ಕಡಲಿನ ಗಿಡವೆಂದು ತಿಳಿಯುವುದೂ ಒಳಗಿನ ರಚನೆಯಿಂದಲೇ. ಆ ಗ್ರಂಥದ ಹೆಸರಿನಲ್ಲಿ ನಿನ್ನಿಯೂರಿನ ಪದರವನ್ನು ಕ್ರೆಟೇಷಸ್ ಕಾಲದ ತುತ್ತತುದಿಯೆಂದು ಹೇಳಿದೆ. ಈಗ ಅದನ್ನು ಅದರ ಮುಂದಿನ ಯುಗಕ್ಕೆ ಸೇರಿಸುವರು.

ಈ ಸೀಮೆಯ ಸುಣ್ಣಕಲ್ಲು ಸಿಮೆಂಟಿಗೆ ಯೋಗ್ಯವಾದುದು. ಕಲ್ಲಕುಡಿಯಲ್ಲಿ 1939ರಲ್ಲಿಯೇ ಕಾರ್ಖಾನೆ ಹುಟ್ಟಿತು. ಅನಂತರ ಅರಿಯಲೂರಿನ ಸುತ್ತಲೂ ಗಣಿಗಳು ಹಬ್ಬಿದವು. ನಾವು ವಾಸಿಸುವ ಮನೆಗಳಿಗೂ ಸಿಮೆಂಟು ಬೇಕಾಗಿರುವಾಗ ಗಣಿಯನ್ನು ಸುಮ್ಮನೆ ನಿಂದಿಸುವುದು ನ್ಯಾಯವಲ್ಲ. ಗಣಿಯಿಂದಲೇ ಎಷ್ಟೋ ಹವಳಗಳು ಬೆಳಕಿಗೆ ಬಂದಿವೆ. ಆದರೆ ಬೆಳಕಿಗೆ ಬಂದುದನ್ನು ಗುರುತಿಸಿ ಎತ್ತಿಡುವ ಕಣ್ಣು ಅಲ್ಲಿಲ್ಲದಿದ್ದರೆ, ಕೋಟ್ಯಂತರ ವರ್ಷ ಉಳಿದುದು ಒಂದು ಮಧ್ಯಾಹ್ನದಲ್ಲಿ ಪುಡಿಯಾಗಿ ಗೂಡಿಗೆ ಹೋಗುವುದು. ಅರಿಯಲೂರಿನ ಸಮೀಪದ ವಾರಣವಾಸಿಯಲ್ಲಿ ಈ ಅವಶೇಷಗಳಿಗೆಂದೇ ಒಂದು ಸಂಗ್ರಹಾಲಯವಿರುವುದು ಸಂತೋಷದ ವಿಷಯ. ಬಯಲಿಗೆ ಹೋಗುವ ಮೊದಲು ಅದನ್ನು ನೋಡಿಕೊಂಡು ಹೋದರೆ ಕಣ್ಣಿಗೆ ಪಳಗುವುದು.

ಯಾತ್ರಿಕರಿಂದ ಆಗುವ ನಷ್ಟವೂ ಅಲ್ಪವಲ್ಲ. ಚಂದವಾಗಿದೆಯೆಂದು ಎತ್ತಿಕೊಂಡು ಬಂದ ಕಲ್ಲು ಮನೆಯ ಕಿಟಕಿಯ ಮೇಲೆ ನಾಲ್ಕು ದಿನ ಇದ್ದು, ಆಮೇಲೆ ಹಿತ್ತಲಿಗೆ ಬೀಳುವುದು. ಅದು ಯಾವ ಪದರದಿಂದ ಬಂದಿತೆಂಬುದು ಮರೆತುಹೋದ ಮೇಲೆ ಅದರ ಸಾಕ್ಷ್ಯವೂ ಹೋಯಿತು. ಆದುದರಿಂದ ನೋಡತಕ್ಕವರು ನೋಡಲಿ, ಒದ್ದೆ ಬಟ್ಟೆಯಿಂದ ಒರೆಸಿ ಭೂತಗನ್ನಡಿಯಲ್ಲಿ ಪರೀಕ್ಷಿಸಲಿ, ಚಿತ್ರ ತೆಗೆದುಕೊಳ್ಳಲಿ. ಕಲ್ಲನ್ನು ಇದ್ದಲ್ಲಿಯೇ ಇಡಲಿ. ಸಾಣೆಕಲ್ಲಿನ ಕೆಲಸವನ್ನು ಸಮುದ್ರಫೇನದ ಮೇಲೆ ಮನೆಯಲ್ಲಿಯೇ ಅಭ್ಯಾಸ ಮಾಡಬಹುದು.

ಹಿಂಗಾರಿನ ಮಳೆ ನಿಂತ ಮೇಲೆ, ಪುಷ್ಯ ಮಾಘ ಮಾಸಗಳಲ್ಲಿ ಅಲ್ಲಿಗೆ ಹೋಗುವುದು ಉತ್ತಮ. ಮಳೆಯು ಪ್ರತಿವರ್ಷವೂ ಜೇಡಿಯ ಒಂದು ಪೊರೆಯನ್ನು ತೊಳೆದು ಹೊಸ ಕಲ್ಲುಗಳನ್ನು ಹೊರಹಾಕುವುದು, ಬಿಸಿಲೂ ಸಹನೀಯವಾಗಿರುವುದು. ಕುಡಿಯುವ ನೀರನ್ನು ಜೊತೆಯಲ್ಲಿಯೇ ಒಯ್ಯಬೇಕು. ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಬೇಕು. ಅವರ ಕಣ್ಣು ಚುರುಕು. ಗೋಡೆ ಎಲ್ಲಿ, ನಾಳ ಎಲ್ಲಿ ಎಂದು ಒಮ್ಮೆ ತೋರಿಸಿಕೊಟ್ಟರೆ ದೊಡ್ಡವರಿಗಿಂತ ಮೊದಲು ಅವರೇ ಹೆಸರು ಹೇಳುವರು.